ಭಾವನವರ ಟಾಕಿಯೂ ಕಾಲೊನಿಯ ಉಪ್ಪಿನಕಾಯಿಯೂ

ನಮ್ಮ ಭಾವನವರು ನಿಮ್ಮ ಮನೆಗೆ ಬಂದರೆ ಮೊದಲು ನಿಮ್ಮ ಮುಖ ನೋಡುವುದಿಲ್ಲ. ಅಡುಗೆಮನೆಯ ಕಸದ ಡಬ್ಬಿ ನೋಡುತ್ತಾರೆ! ನೀವು 'ಬರ್ರಿ, ಕೂಡ್ರಿ' ಎಂದು ಕುರ್ಚಿ ಎಳೆಯುವಷ್ಟರಲ್ಲಿ ಅವರು ಸೀದಾ ಒಳಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು, ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನಿಂತಿರುತ್ತಾರೆ. ಹೊಸಬರಾದರೆ ಗಾಬರಿಯಾಗುತ್ತಾರೆ. ಹಳಬರು ಅವರು ಬರುವ ಸುದ್ದಿ ತಿಳಿದ ಕೂಡಲೇ ಕಸ ಚೆಲ್ಲಿ ಡಬ್ಬಿ ತೊಳೆದಿಡುತ್ತಾರೆ. ಹಾಗೆ ತೊಳೆದಿಟ್ಟರೆ ಅವರಿಗೆ ಇನ್ನೂ ಸಿಟ್ಟು!

ಒಮ್ಮೆ ನಮ್ಮ ಮನೆಯ ಡಬ್ಬಿಯೊಳಗೆ ಇಣುಕಿ ಕೇಳಿದರು: "ಏನವ್ವಾ, ಗಂಡ ಊರಾಗಿಲ್ಲೇನು?"

"ನಿಮಗ ಹೆಂಗ ಗೊತ್ತಾತು ಭಾವಾ?"

"ಬರೇ ನೂಡಲ್ಸ್ ಪಾಕೀಟ ಅದಾವ. ಒಂದರೆ ಉಳ್ಳಾಗಡ್ಡಿ ಸಿಪ್ಪಿ ಕಾಣವಲ್ದು. ಹಿಂಗಾದ್ರ ನಮ್ಮ ಟಾಕಿ ಏನು ಉಣಬೇಕು?"

ಗಂಡನಿಲ್ಲದೆ ನಾನು ಏನು ಉಣ್ಣುತ್ತಿದ್ದೇನೆ ಎಂಬ ಚಿಂತೆಯಲ್ಲ ಮತ್ತೆ, ಟಾಕಿ ಏನು ಉಣ್ಣಬೇಕು ಎಂಬ ಚಿಂತೆ!

ಭಾವನವರೆಂದರೆ ನನ್ನ ಅಕ್ಕನ ಯಜಮಾನರು. ಹೈದರಾಬಾದಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರು. ಹೆಣ್ಣು ನೋಡಲು ಬಂದಾಗ ಅವರು ತಮ್ಮ ಕೆಲಸದ ಬಗ್ಗೆ 'ಶಕ್ತಿ ಉತ್ಪಾದನೆ' ಎಂದಷ್ಟೇ ಹೇಳಿದ್ದರಂತೆ. ನಮ್ಮ ಅಪ್ಪ ಅದನ್ನು ಕೇಳಿ ಕಲಬುರಗಿಯ ಓಣಿ ತುಂಬ 'ನಮ್ಮ ಅಳಿಯ ಅಣುಶಕ್ತಿಯವ' ಎಂದು ಹೇಳಿಕೊಂಡು ಬಂದರು. ಮದುವೆಯಾಗಿ ಬಂದ ಮೇಲೆ ಅಕ್ಕನಿಗೆ ತಿಳಿಯಿತು, ಶಕ್ತಿಯೇನೋ ಖರೆ, ಆದರೆ ಅದು ಉತ್ಪಾದನೆಯಾಗುವುದು ಕೊಳೆತ ಬದನೆಕಾಯಿಯಿಂದ! ಮಂದಿ ಉಂಡು ಬಿಟ್ಟದ್ದು, ಹೆಚ್ಚಿ ಎಸೆದದ್ದು, ಹಳಸಿದ್ದು, ಎಲ್ಲವನ್ನೂ ಒಂದು ಟಾಕಿಗೆ ಹಾಕಿ ಕೊಳೆಸಿ ಅದರಿಂದ ಒಲೆಗೆ ಗ್ಯಾಸು ತೆಗೆಯುವುದು ಅವರ ಸಂಶೋಧನೆ. ಅದೂ ಒಬ್ಬರೇ ಅಲ್ಲ, ಊರ ಜನರನ್ನೆಲ್ಲ ಕೂಡಿಸಿಕೊಂಡು ಮಾಡಬೇಕು.

ಬೇರೆ ಪ್ರೊಫೆಸರುಗಳು ಸಂಶೋಧನೆಗೆ ಪ್ರಯೋಗಾಲಯಕ್ಕೆ ಹೋದರೆ ಇವರು ಮದುವೆಗೆ ಹೋಗುತ್ತಾರೆ. ಹಿಮಾಯತ್‌ನಗರದ ಒಂದು ಫಂಕ್ಷನ್ ಹಾಲಿನಲ್ಲಿ ಬಂಧುಗಳ ಮದುವೆ. ಅಕ್ಷತೆ ಬಿದ್ದದ್ದೇ ತಡ, ಭಾವ ಮಾಯ! ಹುಡುಕಿದರೆ ಎಲ್ಲಿದ್ದಾರೆ? ಕೈ ತೊಳೆಯುವ ಕಡೆ, ಎಂಜಲು ತಟ್ಟೆ ಹಾಕುವ ದೊಡ್ಡ ಡ್ರಮ್ಮಿನ ಪಕ್ಕದಲ್ಲಿ, ರೇಷ್ಮೆ ಧೋತರ ಎತ್ತಿ ಕಟ್ಟಿ ನಿಂತಿದ್ದಾರೆ. ಸಫಾರಿ ಹಾಕಿದ ಯಾರೋ ದೊಡ್ಡ ಮನುಷ್ಯರು ಬಂದು, "ಲೇಲೋ ಭೈಯಾ" ಎಂದು ತಟ್ಟೆಯನ್ನು ಅವರ ಕೈಗೇ ಕೊಟ್ಟರು. ಇವರು ಬೇಜಾರು ಮಾಡಿಕೊಂಡರೇ? ಇಲ್ಲ! ತಟ್ಟೆ ತೆಗೆದುಕೊಂಡು, ಅದನ್ನು ದಿಟ್ಟಿಸಿ ನೋಡಿ, ಬಲು ಕಾಳಜಿಯಿಂದ ಕೇಳಿದರು: "ಸಾಬ್, ಬಗಾರಾ ಬೈಂಗನ್ ಕ್ಯೂಂ ಛೋಡ್ ದಿಯಾ?" ಆ ಪುಣ್ಯಾತ್ಮರು ಹೆದರಿ ತಟ್ಟೆ ವಾಪಸು ಇಸಿದುಕೊಂಡು ಬದನೆಕಾಯಿ ಪೂರ್ತಿ ತಿಂದು ಹೋದರು.

ಅಷ್ಟಕ್ಕೇ ಮುಗಿಯಲಿಲ್ಲ. ಹೊರಡುವಾಗ ಹೆಣ್ಣಿನ ತಾಯಿ ಕೈಮುಗಿದು, "ಊಟ ಹೆಂಗಿತ್ತ್ರಿ ಪ್ರೊಫೆಸರ್ ಸಾಹೇಬ್ರ?" ಎಂದು ಕೇಳಿದರು. ಇಂಥ ಪ್ರಶ್ನೆಗೆ ಲೋಕದಲ್ಲಿ ಒಂದೇ ಉತ್ತರವಿರುವುದು, ಅಲ್ಲವೇ? ಆದರೆ ನಮ್ಮ ಭಾವನವರ ನಾಲಿಗೆಗೆ ಸುಳ್ಳು ಹತ್ತುವುದಿಲ್ಲ. "ಭಾಳ ಉಳದೈತ್ರಿ!" ಎಂದು ಸಂತೋಷದಿಂದ ಹೇಳಿದರು. "ಹಿಂದಿನ ವಾರದ ಮದುವಿಗಿಂತಾ ನಿಮ್ಮ ಪಲ್ಯ ಭಾಳ ಉಳದೈತಿ!" ಅಕ್ಕ ಅವರ ತೋಳು ಹಿಡಿದು ದರದರ ಎಳೆದುಕೊಂಡು ಬಂದಳು. ಆ ಮನೆಯವರು ಇವತ್ತಿಗೂ ನಮ್ಮೊಂದಿಗೆ ಮಾತಾಡುವುದಿಲ್ಲ.

ಅಕ್ಕನ ಮನೆ ಮತ್ತು ನಮ್ಮ ಮನೆ ಇರುವುದು ಲಿಂಗಂಪಲ್ಲಿ ಸ್ಟೇಷನ್ನಿನ ಆಚೆ, ಒಂದೇ ಕಾಲೊನಿಯಲ್ಲಿ. ಸರಕಾರಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಕಟ್ಟಿಕೊಂಡ ಮನೆಗಳು. ಬೀದರಿನವರು, ಧಾರವಾಡದವರು, ವರಂಗಲ್ಲಿನವರು, ಎಲ್ಲರೂ ಇದ್ದಾರೆ. ಕಾಲೊನಿಯ ಗೇಟಿನ ಹೊರಗೆ ಸಂಗಮ್ಮ ಸಂಜೆ ಸಂಜೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಜಹೀರಾಬಾದಿನ ಕಡೆಯವಳು, ಕನ್ನಡ ತೆಲುಗು ಎರಡೂ ಕಲಸಿ ಮಾತಾಡುತ್ತಾಳೆ. ಕೊಂಡಾಪುರದ ಆಫೀಸುಗಳಿಂದ ಮನೆಗೆ ಮರಳುವ ಹುಡುಗ ಹುಡುಗಿಯರೆಲ್ಲ ಗಾಡಿ ನಿಲ್ಲಿಸಿ ಅವಳ ರೊಟ್ಟಿ ಒಯ್ಯುತ್ತಾರೆ. ಇಬ್ಬರು ಹೆಣ್ಣುಮಕ್ಕಳ ಓದು, ಮನೆಬಾಡಿಗೆ, ಎಲ್ಲ ನಡೆಯುವುದು ಆ ಒಲೆಯ ಮೇಲೆಯೇ. ಆದರೆ ಅದು ಕಟ್ಟಿಗೆಯ ಒಲೆ. ಎದುರಿಗೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆಲ್ಲ ಹೊಗೆ ನುಗ್ಗಿತು, ತಕರಾರು ಬಂತು. ನಮ್ಮ ಕಾಲೊನಿಯ ಸೆಕ್ರೆಟರಿ ಸಾಹೇಬರು ಸಂಗಮ್ಮನನ್ನು ಕರೆಸಿ ಹೇಳಿಬಿಟ್ಟರು: ಮಳೆಗಾಲ ಬರುವುದರೊಳಗೆ ಹೊಗೆಯಾದರೂ ಹೋಗಬೇಕು, ಇಲ್ಲ ಒಲೆಯಾದರೂ ಹೋಗಬೇಕು.

ಅಂಗಡಿಗೆ ಕೊಡುವ ಸಿಲಿಂಡರಿನ ಬೆಲೆ ಅವಳ ಕೈಗೆ ಎಟುಕುವುದಲ್ಲ. ಒಂದು ಸಂಜೆ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಭಾವ ಅವಳ ಬಾಯಿಂದಲೇ ಇದನ್ನು ಕೇಳಿದರು. "ಸಂಗಮ್ಮಾ, ನೀ ಎಲ್ಲಿಗೂ ಹೋಗಬ್ಯಾಡ. ಈ ಕಾಲೊನಿ ಕಸದಾಗ ನಿನ್ನ ಒಲಿಗೆ ಸಾಕಾಗೋವಷ್ಟು ಗ್ಯಾಸ್ ಐತಿ. ನಾ ಕೊಡತೀನಿ," ಎಂದುಬಿಟ್ಟರು.

"ಖರೇನಾ ಸಾರೂ? ಈ ಗೇಟು ಬಿಟ್ರ ನನಗ ಗಿರಾಕಿ ಎಲ್ಲಿ ಸಿಗ್ತಾರ ಚೆಪ್ಪಂಡಿ?"

"ಖರೇನ. ಮಾತು ಕೊಟ್ಟೀನಿ."

ಮಾತು ಕೊಡುವುದು ಸುಲಭ. ಟಾಕಿ ಕಟ್ಟುವುದೂ ಅವರಿಗೆ ಸುಲಭವೇ ಆಯಿತು. ಕಾಲೇಜಿನಿಂದ ಅನುಮತಿ ತಂದರು, ಪಾರ್ಕಿನ ಮೂಲೆಯಲ್ಲಿ ಜಾಗ ಗಿಟ್ಟಿಸಿದರು, ಕಪ್ಪಗೆ ಆನೆಯಷ್ಟು ದೊಡ್ಡ ಟಾಕಿ ಕೂತೇಬಿಟ್ಟಿತು. "ಟಾಕಿ ಕಟ್ಟೋದು ಸಸಾರ," ಎನ್ನುತ್ತಿದ್ದರು ಭಾವ. "ಅದಕ್ಕ ದಿನಾ ಉಣಿಸೋ ಮಂದೀನ್ನ ಕಟ್ಟೋದು ಖರೇ ಎಂಜಿನಿಯರಿಂಗ್." ಹಾಗಾಗಿ ಅವರು ಶುಕ್ರವಾರದ ಭಜನಾ ಮಂಡಳಿಗೆ ಸೇರಿದರು! ಹೆಂಗಸರ ನಡುವೆ ಒಬ್ಬರೇ ಗಂಡಸು, ತಾಳ ತಪ್ಪಿಸಿ ಚಪ್ಪಾಳೆ ತಟ್ಟುತ್ತ ಕೂತು, ಮಂಗಳಾರತಿ ಮುಗಿದ ಮೇಲೆ ಭಾಷಣ ಶುರು ಮಾಡುತ್ತಿದ್ದರು. "ತಾಯಂದಿರಾ, ಟಾಕಿಯೊಳಗ ಕಣ್ಣಿಗೆ ಕಾಣದ ಜೀವ ಅದಾವ. ನಾವು ಹಾಕಿದ್ದನ್ನ ಉಂಡು ನಮಗ ಬೆಂಕಿ ಕೊಡತಾವ." ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೈಮುಗಿದು, "ಯಾವ ದೇವರ್ರಿ ಅದು?" ಎಂದು ಕೇಳಿದರು.

ದೇವರಲ್ಲ, ಹೊಟ್ಟೆ ಎಂದು ತಿಳಿಸಿ ಹೇಳಲು ಅವರಿಗೆ ಒಂದು ಚಳಿಗಾಲವೇ ಬೇಕಾಯಿತು. ಟಾಕಿಯೆಂದರೆ ಹೊಟ್ಟೆ. ಹೊತ್ತಿಗೆ ಸರಿಯಾಗಿ ಉಣಿಸಬೇಕು. ಒಂದೇ ಸಲ ತುರುಕಬಾರದು. ಲಿಂಬೆ ಸಿಪ್ಪೆ ಬೇಡ, ಎಲುಬು ಬೇಡ, ತೆಂಗಿನ ಚಿಪ್ಪು ಬೇಡ. ಉಪ್ಪಂತೂ ಬೇಡವೇ ಬೇಡ, ಉಪ್ಪು ಬಿದ್ದರೆ ಒಳಗಿನ ಜೀವಗಳು ಸಾಯುತ್ತವೆ. ಇದನ್ನು ಅವರು ಕನ್ನಡದಲ್ಲಿ ಹೇಳಿದರು, ತೆಲುಗಿನಲ್ಲಿ ಹೇಳಿದರು, ಹಿಂದಿಯಲ್ಲಿ ಹೇಳಿದರು. ದಿನಾ ಬೆಳಿಗ್ಗೆ ಕಾಲೊನಿಯ ಹೆಂಗಸರೆಲ್ಲ ಬಕೆಟ್ಟು ಹಿಡಿದು ಟಾಕಿಯ ಮುಂದೆ ಸೇರತೊಡಗಿದರು. ಭಾವ ಒಂದೊಂದೇ ಬಕೆಟ್ಟು ನೋಡಿ ಒಳಗೆ ಬಿಡುವರು. ಆಮೇಲೆ ಟಾಕಿಗೆ ಕಿವಿಯಿಟ್ಟು, "ಹಾಂ, ಇವತ್ತು ಚಲೋ ಜೀರ್ಣ ಆಗಾಕತ್ತೈತಿ," ಎಂದು ನಗುವರು.

ಅಕ್ಕ ಟಾಕಿಗೆ ಇಟ್ಟ ಹೆಸರು 'ಸವತಿ'. "ಏನ್ರೀ, ಸವತಿಗೆ ಊಟ ಆತೇನು? ಆಗಿದ್ರ ನಾವೂ ಉಣ್ಣೂಣು ಬರ್ರಿ!" ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. "ನನ್ನ ಬಾಣಂತನದಾಗ ಇಷ್ಟು ಕಾಳಜಿ ಮಾಡಿದ್ದಿಲ್ಲ ನೋಡವ್ವಾ ಇವ್ರು!" ಎಂದು ನನ್ನ ಮುಂದೆ ದೂರು. ಆದರೂ ಬೆಳಿಗ್ಗೆ ಮೊದಲ ಬಕೆಟ್ಟು ಅಕ್ಕನದೇ ಇರುತ್ತಿತ್ತು.

ಯುಗಾದಿಯ ಹೊತ್ತಿಗೆ ಟಾಕಿ ಗ್ಯಾಸು ಕೊಡಲು ಶುರು ಮಾಡಿತು. ಭಾವ ಪಾರ್ಕಿನಲ್ಲೇ ಒಂದು ಒಲೆ ಹಚ್ಚಿ ಎಲ್ಲರಿಗೂ ಚಹಾ ಕಾಸಿ ಕೊಟ್ಟರು. ಕುಡಿಯಲು ಎಲ್ಲರೂ ಮೊದಲು ಹಿಂದೆಮುಂದೆ ನೋಡಿದರು. ಆಮೇಲೆ ಎರಡೆರಡು ಸಲ ಕುಡಿದರು. ಗೇಟಿನವರೆಗೆ ಪೈಪು ಹಾಕಿದ್ದಾಯಿತು. ಇನ್ನಷ್ಟು ಗ್ಯಾಸು ತುಂಬಿಕೊಂಡರೆ ಸಂಗಮ್ಮನ ಒಲೆಗೆ ಜೋಡಿಸುವುದೊಂದೇ ಬಾಕಿ.

ಅಷ್ಟರಲ್ಲಿ ಮೇ ತಿಂಗಳು ಬಂತು.

ಮೇ ತಿಂಗಳಲ್ಲಿ ಹೈದರಾಬಾದಿನ ಹೆಂಗಸರು ಏನು ಮಾಡುತ್ತಾರೆ? ಆವಕಾಯಿ ಹಾಕುತ್ತಾರೆ. ಬೀದರಿನವರಾಗಲಿ ವರಂಗಲ್ಲಿನವರಾಗಲಿ, ಮಾವಿನಕಾಯಿ ಕೊಚ್ಚುವ ಸದ್ದು ಮನೆಮನೆಯಲ್ಲೂ ಒಂದೇ. ಹೊಸ ಉಪ್ಪಿನಕಾಯಿ ಹಾಕಬೇಕೆಂದರೆ ಭರಣಿ ಖಾಲಿ ಮಾಡಿ ತೊಳೆದು ಒಣಗಿಸಬೇಕು. ಭರಣಿಯ ತಳದಲ್ಲಿ ಕಳೆದ ವರ್ಷದ್ದು ಕಪ್ಪಗೆ ಉಳಿದಿರುತ್ತದೆ. ಅದನ್ನು ಏನು ಮಾಡುವುದು? ಮುಂಚೆಯಾದರೆ ಕಸಕ್ಕೆ ಹೋಗುತ್ತಿತ್ತು. ಈಗ ಕಸವೆಲ್ಲ ಟಾಕಿಯ ಪಾಲಲ್ಲವೇ! ಮೇಲಾಗಿ ಆ ಟಾಕಿಯ ಮೇಲೆ ಎಲ್ಲರಿಗೂ ಜೀವ. ಪಾಪ, ಇಷ್ಟು ದಿನ ಸಿಪ್ಪೆ, ಹಳಸಿದ ಅನ್ನ ತಿಂದುಕೊಂಡಿದೆ, ಒಂದು ದಿನ ಬಾಯಿಗೆ ರುಚಿ ಸಿಗಲಿ ಎಂದು ಒಬ್ಬೊಬ್ಬರೂ ಒಂದೊಂದು ಭರಣಿ ಬಗ್ಗಿಸಿದರು. ಉಪ್ಪು ಹಾಕಬಾರದು ಅಂತ ಭಾವ ಹೇಳಿದ್ದರಲ್ಲ? ಹೇಳಿದ್ದರು. ಆದರೆ ಉಪ್ಪಿನಕಾಯಿ ಎಂದರೆ ಮಾವಿನಕಾಯಿ, ಅದು ಎಲ್ಲಿಯ ಉಪ್ಪು! ನಾನಂತೂ ಅಂಗಡಿಯ ಬಾಟಲಿಯವಳು, ನಮ್ಮ ಮನೆಯಲ್ಲಿ ಅದು ಉಳಿದ ಚರಿತ್ರೆಯೇ ಇಲ್ಲ.

ಆ ವಾರ ಭಾವ ಕಾಲೇಜಿನ ಪರೀಕ್ಷೆ ಕೆಲಸಕ್ಕೆ ಬೆಳಿಗ್ಗೆಯೇ ಹೋಗುತ್ತಿದ್ದುದರಿಂದ ಬಕೆಟ್ಟು ನೋಡುವವರಿರಲಿಲ್ಲ. ಭಾನುವಾರ ಟಾಕಿಗೆ ಕಿವಿಯಿಟ್ಟ ಭಾವನವರ ಮುಖ ಬಿಳಿಚಿಕೊಂಡಿತು. ಒಳಗೆ ಸದ್ದೇ ಇಲ್ಲ! ಒಲೆ ಹಚ್ಚಿದರೆ ಗ್ಯಾಸೂ ಇಲ್ಲ. ಮುಚ್ಚಳ ತೆಗೆದು ಕೋಲು ಆಡಿಸಿದರು. ಎಣ್ಣೆ ತೇಲುತ್ತಿತ್ತು, ಅದರ ಮೇಲೆ ಸಾಸಿವೆ, ಮೆಂತ್ಯ. ಭಾವ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಯಾರಿಗೂ ಏನೂ ಅನ್ನಲಿಲ್ಲ. ಆವತ್ತು ಅವರು ಊಟ ಮಾಡಲಿಲ್ಲವೆಂದು ಅಕ್ಕ ಬಂದು ಹೇಳಿದಾಗ ಅವಳ ದನಿಯಲ್ಲಿ ಎಂದಿನ ಗೇಲಿ ಇರಲಿಲ್ಲ.

ಮರುದಿನದಿಂದ ಚಿಕಿತ್ಸೆ ಶುರುವಾಯಿತು. ಟಾಕಿಯ ಅರ್ಧ ರಸ ತೆಗೆದು ನೀರು ತುಂಬಿದರು, ಸುಣ್ಣದ ತಿಳಿ ಹಾಕಿದರು. ಸತ್ತ ಜೀವಗಳ ಬದಲಿಗೆ ಹೊಸವು ಬೇಕೆಂದರೆ ಹಸಿ ಸೆಗಣಿ ಬೇಕು. ಊರಾಚೆಯ ಡೇರಿಯಿಂದ ತಮ್ಮದೇ ಕಾರಿನ ಡಿಕ್ಕಿಯಲ್ಲಿ ಸೆಗಣಿ ತರತೊಡಗಿದರು. ಆ ಕಾರಿನಲ್ಲಿ ಕೂತವರ ಕಷ್ಟ ಕೇಳಬೇಡಿ! ಒಂದು ದಿನ ಕೊಂಡಾಪುರದಲ್ಲಿ ಹತ್ತಿರದ ನೆಂಟರ ಗೃಹಪ್ರವೇಶ. ಭಾವ ಡೇರಿಯಿಂದ ನೇರವಾಗಿ ಮನೆಗೆ ಬಂದು, ಸೆಗಣಿ ಇಳಿಸದೆಯೇ ನಮ್ಮನ್ನು ಕೂರಿಸಿಕೊಂಡು ಹೊರಟರು. ಕಿಟಕಿಯ ಗಾಜುಗಳನ್ನೆಲ್ಲ ಇಳಿಸಿ, ಮೂಗಿಗೆ ಸೆರಗು ಹಿಡಿದು, ನಾನೂ ಅಕ್ಕನೂ ಹೇಗೋ ತಲುಪಿದೆವು.

ಮುಗಿಲೆತ್ತರದ ಕಟ್ಟಡ. ಮೇಲೆ ಹೋದರೆ ಮನೆಯಲ್ಲಿ ಗದ್ದಲ. ಪಂಚಗವ್ಯಕ್ಕೆ ಸೆಗಣಿಯೇ ಇಲ್ಲ! ಆನ್‌ಲೈನಿನಲ್ಲಿ ತರಿಸಿದ್ದು ಬಂದಿಲ್ಲ, ಮುಹೂರ್ತ ಮೀರುತ್ತಿದೆ, ಮನೆಯ ಯಜಮಾನ ಅಳುವುದೊಂದೇ ಬಾಕಿ. ಭಾವ ಕೆಳಗೆ ಹೋಗಿ, ಲಿಫ್ಟಿನಲ್ಲಿ ಬಕೆಟ್ಟಿನೊಂದಿಗೆ ಮೇಲೆ ಬಂದರು. ಎಲ್ಲರೂ ಅವರನ್ನು ಬಾಗಿಲಲ್ಲೇ ಕೈಮುಗಿದು ಬರಮಾಡಿಕೊಂಡರು. ಆಚಾರ್ಯರು ಮಾತ್ರ ಬಗ್ಗಿ ನೋಡಿ ಕೇಳಿದರು: "ಆಕಳದ್ದೇನ್ರಿ, ಎಮ್ಮಿದೇನ್ರಿ?"

'ಆಕಳದ್ದು' ಎಂದರೆ ಮುಗಿಯುತ್ತಿತ್ತು. ಅಕ್ಕ ಹಿಂದಿನಿಂದ ಕಣ್ಸನ್ನೆ ಮಾಡಿದಳು, ಕೆಮ್ಮಿದಳು. ಭಾವ ಹೇಳಿದರು: "ಅರ್ಧ ಆಕಳದ್ದು, ಅರ್ಧ ಎಮ್ಮಿದು."

ಆಚಾರ್ಯರು ಒಂದು ಗಳಿಗೆ ಕಣ್ಣುಮುಚ್ಚಿ ಯೋಚಿಸಿ, "ಮ್ಯಾಲಿಂದು ಯಾವದು?" ಎಂದರು.

"ಮ್ಯಾಲಿಂದು ಆಕಳದ್ದ್ರಿ."

"ಮತ್ತೇನು! ನಮಗ ಮ್ಯಾಲಿಂದು ಒಂದು ಚಮಚೆ ಸಾಕು. ತರ್ರಿ, ತರ್ರಿ!"

ಹೊರಡುವಾಗ ಯಜಮಾನರು ಕೊಟ್ಟ ಶಾಲು ಬೇಡವೆಂದು, ಆ ದಿನದ ಅಡುಗೆಮನೆಯ ತರಕಾರಿ ಸಿಪ್ಪೆ ಕಟ್ಟಿಸಿಕೊಂಡು ಬಂದರು ನಮ್ಮ ಭಾವ.

ಆದರೆ ಟಾಕಿ ಏಳಲಿಲ್ಲ. ಆಕಾಶದಲ್ಲಿ ಮೋಡ ಕಟ್ಟತೊಡಗಿತು. ಸಂಗಮ್ಮ ಏನೂ ಕೇಳುತ್ತಿರಲಿಲ್ಲ, ಭಾವ ಗೇಟು ದಾಟುವಾಗ ಒಮ್ಮೆ ಮುಖ ನೋಡುತ್ತಿದ್ದಳು ಅಷ್ಟೇ. ಅವರು ತಲೆ ತಗ್ಗಿಸಿ ಬರುತ್ತಿದ್ದರು. ಕೊನೆಗೆ ಸೆಕ್ರೆಟರಿ ಸಾಹೇಬರು ಒಂದು ಭಾನುವಾರ ಬೆಳಿಗ್ಗೆ ಸಭೆ ಕರೆದರು.

ನಮ್ಮ ಕಾಲೊನಿಯ ಸಭೆ ಯಾವಾಗಲೂ ಮೂರು ಭಾಷೆಯಲ್ಲಿ ಶುರುವಾಗಿ, ಜಗಳ ಜೋರಾದಾಗ ಇಂಗ್ಲಿಷಿಗೆ ಬಂದು ನಿಲ್ಲುತ್ತದೆ. ಆವತ್ತು ಮೊದಲಿನಿಂದಲೇ ಇಂಗ್ಲಿಷು! ಕಮಿಟಿ ಹಾಲಿನಲ್ಲಿ ಮುಂದೆ ಗಂಡಸರು, ಹಿಂದೆ ಹೆಂಗಸರು. ಬಾಗಿಲ ಹೊರಗೆ ಸಂಗಮ್ಮ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಸೆಕ್ರೆಟರಿಯವರು ಆಮೇಲೆ ಎಲ್ಲರಿಗೂ ತಿಳಿಯುವಂತೆ ಹೇಳಿದರು: "ಪ್ರೊಫೆಸರ್ ಸಾಹೇಬ್ರ, ಟಾಕಿ ಕೆಟ್ಟದ್ದು ಯಾರಿಂದ ಅನ್ನೋದು ಗೊತ್ತಾಗಬೇಕ್ರಿ. ಹೆಣ್ಣುಮಕ್ಕಳು ಏನೋ ಹಾಕ್ಯಾರ ಅಂತಾರ. ಇವರ ಕೈಲೆ ಆಗೋದಲ್ಲ ಅಂದ್ರ ಟಾಕಿ ಇವತ್ತ ತಗಸೂಣು. ಆ ರೊಟ್ಟಿ ಒಲಿನೂ ತಗಸೂಣು."

ಭಾವ ಎದ್ದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಅವರದು ಏನೂ ತಪ್ಪಿಲ್ರಿ," ಎಂದರು. "ಉಪ್ಪು ಹಾಕಬಾರದು ಅಂತ ನಾ ಹೇಳೇ ಇಲ್ಲ. ಹೇಳೋದ ಮರತೆ. ನನ್ನ ತಪ್ಪು ಅದು."

ನಾನು ಕಿವಿ ತೀಡಿಕೊಂಡೆ. ಎಮ್ಮೆಯ ಸೆಗಣಿಯನ್ನು ಆಕಳದ್ದು ಎನ್ನಲಾರದ ಮನುಷ್ಯ! ಮೂರು ಭಾಷೆಯಲ್ಲಿ, ಭಜನೆಯ ನಡುವೆ, ಬಕೆಟ್ಟಿನ ಮುಂದೆ ಅವರು ಹೇಳಿದ್ದನ್ನು ಆ ಹಾಲಿನಲ್ಲಿದ್ದ ಒಬ್ಬೊಬ್ಬ ಹೆಂಗಸೂ ಕೇಳಿದ್ದಳು. ಎಲ್ಲರೂ ನೆಲ ನೋಡುತ್ತ ಕೂತರು. ನನಗೆ ಭಾವನವರ ಮುಖ ನೋಡಲಾಗಲಿಲ್ಲ.

ಆಗ ನನ್ನ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಎದ್ದು ನಿಂತಿದ್ದಳು! ಸಭೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ.

"ನಮ್ಮನಿಯವರು ಸುಳ್ಳು ಹೇಳಾಕತ್ತಾರ್ರಿ," ಎಂದಳು. "ರೂಢಿ ಇಲ್ಲ ಅವರಿಗೆ, ಅದಕ್ಕ ಚಂದಾಗಿ ಹೇಳಾಕ ಬರವಲ್ದು. ಉಪ್ಪು ಬ್ಯಾಡ ಅಂತ ಸಾವಿರ ಸಲ ಹೇಳ್ಯಾರ. ನಾನ ಕೇಳಲಿಲ್ಲ. ಒಂದು ಭರಣಿ ಉಪ್ಪಿನಕಾಯಿ ನಂದು."

ಭಾವ ಬಾಯಿ ತೆರೆದು ಅವಳನ್ನೇ ನೋಡಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ವರಂಗಲ್ಲಿನ ಅಮ್ಮ ಎದ್ದರು. "ಮಾದಿ ಕೂಡಾ ಅಂಡಿ." ಕಿಟಕಿಯ ಹತ್ತಿರದಿಂದ ಇನ್ನೊಬ್ಬರು, "ಹಮಾರಾ ಭೀ." ಭಜನೆಯ ಅಜ್ಜಿಯನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. "ನಂದು ಲಿಂಬಿಕಾಯಿದು, ಎರಡು ವರ್ಷದ್ದು," ಎಂದರು ಅವರು. ನೋಡುನೋಡುತ್ತಿದ್ದಂತೆ ಹಿಂದಿನ ಸಾಲುಗಳಲ್ಲಿ ಕೂತವರೇ ಉಳಿಯಲಿಲ್ಲ. ಭರಣಿಯೇ ಇಲ್ಲದ ನಾನೂ ಸುಮ್ಮನೆ ಎದ್ದು ನಿಂತೆ!

"ಏನಿದು, ಏನಿದು!" ಎಂದು ಸೆಕ್ರೆಟರಿಯವರು ಮೇಜು ಬಡಿದರು. ಅವರ ಮಾತು ಮುಗಿಯುವ ಮುಂಚೆ ಅವರ ಹೆಂಡತಿ ನಿಧಾನವಾಗಿ ಎದ್ದರು.

"ನಮ್ಮನಿದೂ ಐತ್ರಿ. ದೊಡ್ಡ ಭರಣಿ. ನೀವ ಅಲ್ಲೇನ್ರಿ ಹೊತ್ತುಕೊಂಡು ಬಂದು ಕೊಟ್ಟವರು?"

ಇಡೀ ಸಭೆ ನಕ್ಕು ನಕ್ಕು ಸುಸ್ತಾಯಿತು. ಸೆಕ್ರೆಟರಿ ಸಾಹೇಬರು ಎರಡು ಲೋಟ ನೀರು ಕುಡಿದು, ದಸರೆಯ ತನಕ ಟಾಕಿಯೂ ಇರಲಿ, ಒಲೆಯೂ ಇರಲಿ, ಆದರೆ ಗ್ಯಾಸು ಬರುವ ತನಕ ಒಲೆಗೆ ಕಟ್ಟಿಗೆ ಹಚ್ಚುವಂತಿಲ್ಲ ಎಂದು ತೀರ್ಪು ಕೊಟ್ಟರು. ಅಲ್ಲಿಯವರೆಗೆ ಸಂಗಮ್ಮ ರೊಟ್ಟಿ ಎಲ್ಲಿ ಬಡಿಯಬೇಕು ಎಂದು ಯಾರೋ ಕೇಳಿದರು. "ನಮ್ಮ ಅಡಿಗಿಮನ್ಯಾಗ," ಎಂದಳು ಅಕ್ಕ, ಯಾರನ್ನೂ ಕೇಳದೆ. ಆಮೇಲೆ ಅವಳ ಮನೆಯ ಪಡಸಾಲೆಯ ತುಂಬ ಜೋಳದ ಹಿಟ್ಟು. ಸಂಗಮ್ಮ ಒಳಗೆ ಬಡಿಯುವಳು, ಅವಳ ಹೆಣ್ಣುಮಕ್ಕಳು ಗೇಟಿಗೆ ಒಯ್ದು ಮಾರುವರು.

ಟಾಕಿ ಎದ್ದದ್ದು ಶ್ರಾವಣದಲ್ಲಿ. ಜಿನುಗು ಮಳೆ. ಗೇಟಿನ ಹೊರಗೆ ತಗಡಿನ ಕೆಳಗೆ ಸಂಗಮ್ಮನ ಒಲೆಗೆ ಪೈಪು ಜೋಡಿಸಿದರು. ಬೆಂಕಿ ಹಚ್ಚಿದರೆ ಒಂದು ಸಲ ಪುಸ್ ಎಂದು, ಆಮೇಲೆ ನೀಲಿಯಾಗಿ ಹತ್ತಿಕೊಂಡಿತು. ಹೊಗೆಯಿಲ್ಲ, ಬೂದಿಯಿಲ್ಲ. ಛತ್ರಿ ಹಿಡಿದ ಇಡೀ ಕಾಲೊನಿ ಹೋ ಎಂದು ಕೂಗಿತು. ಸಂಗಮ್ಮ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಅದು ಉಬ್ಬಿದಾಗ ಮೊರದ ಮೇಲೆ ತೆಗೆದಿಟ್ಟು ಸುತ್ತಲೂ ನೋಡಿದಳು. "ಫಸ್ಟ್ ರೊಟ್ಟಿ ಪ್ರೊಫೆಸರ್ ಸಾರಿಗೆ. ಸಾರೆಲ್ಲಿ?"

ಭಾವ ಎಲ್ಲೂ ಇಲ್ಲ. ಹುಡುಕುತ್ತ ನಾನೂ ಅಕ್ಕನೂ ಪಾರ್ಕಿಗೆ ಹೋದೆವು. ಅವರು ಟಾಕಿಯ ಹಿಂದೆ, ಮಳೆಯಲ್ಲಿ, ನಮಗೆ ಬೆನ್ನು ಹಾಕಿ ನಿಂತಿದ್ದರು. ಹೆಗಲು ಅಲುಗುತ್ತಿತ್ತು.

"ಭಾವಾ, ಅಳಾಕತ್ತೀರೇನ್ರಿ? ಎಲ್ಲಾ ಚಲೋ ಆತಲ್ರಿ!"

ಅವರು ತಿರುಗಲಿಲ್ಲ.

"ನಾ ಕ್ಲಾಸಿಗೆ ಹೋದ್ರ ಹುಡುಗ್ರು ದಿನಾ ಎದ್ದು ನಿಲ್ತಾರವ್ವಾ," ಎಂದರು. "ಆದ್ರ ಇಷ್ಟು ವರ್ಷದಾಗ ನನ್ನ ಸಲುವಾಗಿ ಅಂತ ಯಾರೂ ಎದ್ದು ನಿಂತಿದ್ದಿಲ್ಲ. ಆವತ್ತಿಂದ ಅದ ನೆನಪಾಗಾಕತ್ತೈತಿ. ಏನು ಮಾಡಲಿ?"

ಆ ಮನುಷ್ಯನನ್ನು ಎಷ್ಟು ಆಡಿಕೊಂಡು ನಕ್ಕಿದ್ದೆವು, ಮತ್ತೆ ಎಷ್ಟು ಪ್ರೀತಿಸುತ್ತಿದ್ದೆವು! ಗೇಟಿನ ಕಡೆಯಿಂದ ಜನ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು.

ನಾಲ್ಕು ಮಂದಿಯ ಮುಂದೆ ಗಂಡನ ಪಕ್ಕದಲ್ಲಿ ಕೂರಲೂ ನಾಚುವ ನಮ್ಮ ಅಕ್ಕ, ಬರುತ್ತಿದ್ದ ಇಡೀ ಕಾಲೊನಿಯ ಎದುರಿಗೇ ಭಾವನವರ ಕನ್ನಡಕ ತೆಗೆದು, ಮಳೆಯನ್ನೂ ಕಣ್ಣೀರನ್ನೂ ತನ್ನ ಸೆರಗಿನಿಂದ ಒರೆಸಿದಳು.

"ಬರ್ರಿ," ಎಂದಳು. "ಸಂಗಮ್ಮ ಕಾಯಾಕತ್ತಾಳ. ರೊಟ್ಟಿ ಆರತೈತಿ."